ವೋಚರ್ ಅನ್ನದೆ ಕೊಟ್ಟ ವೋಚರ್: ಆರ್‌ಟಿಇ ಸೀಟಿನ ಹಿಂದಿನ ಲೆಕ್ಕ

ಸರ್ಕಾರಿ ಶಾಲೆಗೆ ಸುರಿಯುವ ದುಡ್ಡನ್ನು ಮಗುವಿನ ಲೆಕ್ಕಕ್ಕೇ ಹಾಕಿ, ಶಾಲೆಯನ್ನು ಅಪ್ಪ-ಅಮ್ಮ ಆರಿಸಿಕೊಳ್ಳಲಿ ಎಂಬ ವಾದ ತುಮಕೂರಿಗೆ ಹೊಸದೇನಲ್ಲ. 2012-13ರಿಂದ ಏಳು ವರ್ಷ ಇಲ್ಲಿ ಹೆಚ್ಚುಕಡಿಮೆ ಅದೇ ನಡೆಯಿತು. ಯಾರೂ ಅದನ್ನು ವೋಚರ್ ಅನ್ನಲಿಲ್ಲ, ಅಷ್ಟೇ. ಜನರ ಬಾಯಲ್ಲಿ ಅದು ‘ಆರ್‌ಟಿಇ ಸೀಟು’, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟು.

ವೋಚರ್ ಎಂಬ ಯೋಚನೆಯನ್ನು 1955ರಲ್ಲಿ ಮುಂದಿಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್. ಚಿಲಿ ದೇಶ 1981ರಲ್ಲಿ ಅದನ್ನು ಇಡೀ ನಾಡಿಗೆ ಅನ್ವಯಿಸಿತು. ನಮ್ಮಲ್ಲಿ ಅದು ಬಂದದ್ದು ಹಿಂಬಾಗಿಲಿನಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 12(1)(ಸಿ) ಪ್ರಕಾರ, ಖಾಸಗಿ ಅನುದಾನರಹಿತ ಶಾಲೆಗಳು ಪ್ರವೇಶ ತರಗತಿಯ ಶೇ 25ರಷ್ಟು ಸೀಟನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಡಬೇಕು. ಶುಲ್ಕವನ್ನು ಸರ್ಕಾರ ನೇರವಾಗಿ ಶಾಲೆಗೆ ಕಟ್ಟಿಕೊಡುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳು ಸುಪ್ರೀಂ ಕೋರ್ಟ್ ತೀರ್ಪುಗಳಿಂದಾಗಿ ಇದರಿಂದ ಹೊರಗುಳಿದವು.

ಕರ್ನಾಟಕ ಆ 25ನ್ನು ಹೀಗೆ ಹಂಚಿತು: ಪರಿಶಿಷ್ಟ ಜಾತಿಗೆ 7.5, ಪರಿಶಿಷ್ಟ ಪಂಗಡಕ್ಕೆ 1.5, ಉಳಿದ 16 ಇತರರಿಗೆ. ಆನ್‌ಲೈನ್ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಮೇಲೆ ಲಾಟರಿ. ಅರ್ಜಿ ಬಿದ್ದುಹೋಗುತ್ತಿದ್ದುದು ಬಹಳ ಸಲ ‘ನೆರೆಹೊರೆ’ಯ ವಿಷಯದಲ್ಲಿ. ಹಳ್ಳಿಯಲ್ಲಿ ಕಂದಾಯ ಗ್ರಾಮದ ಗಡಿ, ನಗರದಲ್ಲಿ ವಾರ್ಡಿನ ಗಡಿ. ಗುಬ್ಬಿ ವಿಳಾಸದ ಆಧಾರ್ ಇಟ್ಟುಕೊಂಡು ತುಮಕೂರಲ್ಲಿ ಬಾಡಿಗೆಗಿರುವವರ ಮಗುವಿಗೆ ಎದುರುಮನೆಯಂಥ ಶಾಲೆಯೂ ನೆರೆಹೊರೆಯಲ್ಲ. ಪಾವಗಡದ ಕಡೆ ಖಾಸಗಿ ಶಾಲೆಯೇ ಇಲ್ಲದ ಊರಿನವರಿಗಂತೂ ಆರಿಸಿಕೊಳ್ಳಲು ಏನೂ ಇರಲಿಲ್ಲ.

ಮರುಪಾವತಿ ಮೊದಲು ಒಂದನೇ ತರಗತಿಗೆ ವರ್ಷಕ್ಕೆ 11,848 ರೂಪಾಯಿ, ಎಲ್‌ಕೆಜಿಗೆ 5,924. ಮುಂದೆ 16,000 ಮತ್ತು 8,000 ಆಯಿತು. ಇದು ಗರಿಷ್ಠ ಮಿತಿ. ಶಾಲೆಯ ಶುಲ್ಕ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಿಗುತ್ತದೆ. ಬಸ್ಸು, ಬಟ್ಟೆ, ಪುಸ್ತಕ ಅಂತ ಶಾಲೆಯವರು ಕೈಚಾಚಿದಾಗ ಜಗಳ ಶುರು. ಇನ್ನೊಂದು ಪೆಟ್ಟು ತಡವಾಗಿ ಕಂಡಿತು. ಕಾಯ್ದೆಯ ರಕ್ಷಣೆ ಎಂಟನೇ ತರಗತಿವರೆಗೆ ಮಾತ್ರ. 2012-13ರಲ್ಲಿ ಒಂದನೇ ತರಗತಿಗೆ ಸೇರಿದವರು 2020-21ರಲ್ಲಿ, ಅದೂ ಕೋವಿಡ್ ವರ್ಷದಲ್ಲಿ, ಒಂಬತ್ತಕ್ಕೆ ಪೂರ್ತಿ ಶುಲ್ಕ ಕಟ್ಟಬೇಕಾಯಿತು.

ಅಸಲಿ ತಕರಾರು ಇರುವುದು ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು ಎನ್ನುತ್ತದೆ ಕಾಯ್ದೆಯ ಅನುಸೂಚಿ. 65 ಮಕ್ಕಳಿದ್ದ ಶಾಲೆಯಿಂದ ಏಳು ಮಕ್ಕಳು ಕಾನ್ವೆಂಟಿಗೆ ಹೋದರೆ 58. ಮೂರನೆಯವರು ‘ಹೆಚ್ಚುವರಿ ಶಿಕ್ಷಕ’ರಾಗಿ ವರ್ಗಾವಣೆಯ ಕೌನ್ಸೆಲಿಂಗ್‌ಗೆ ನಿಲ್ಲುತ್ತಾರೆ. ಉಳಿದಿಬ್ಬರ ಪಾಲಿಗೆ ಐದು ತರಗತಿ. ಮರುವರ್ಷ ಇನ್ನಷ್ಟು ಪೋಷಕರು ಟಿಸಿ ಕೇಳುತ್ತಾರೆ. ಶಿಕ್ಷಕರ ಸಂಖ್ಯೆ ಇಳಿಯದ ಕಡೆ ಬೇರೆ ತಮಾಷೆ. 40 ಮಕ್ಕಳ ಶಾಲೆಗೆ ಸಂಬಳ ಸೇರಿ 12 ಲಕ್ಷ ಖರ್ಚು ಅಂತಿಟ್ಟುಕೊಳ್ಳಿ, ತಲೆಗೆ 30,000. ಹತ್ತು ಮಕ್ಕಳು ಬಿಟ್ಟರೆ ಖರ್ಚು ಹಾಗೇ ನಿಂತು ತಲೆಗೆ 40,000 ಆಗುತ್ತದೆ, ಜೊತೆಗೆ ಮರುಪಾವತಿಯ 1.6 ಲಕ್ಷ. ‘ಸರ್ಕಾರಿ ಶಾಲೆ ದುಬಾರಿ’ ಎಂಬ ವಾದಕ್ಕೆ ಅಂಕಿ ಹುಟ್ಟುವುದು ಹೀಗೂ ಹೌದು.

ಹಾಗಂತ ವೋಚರ್ ಬೇಕು ಎನ್ನುವವರ ಮಾತು ಪೊಳ್ಳಲ್ಲ. ಪಕ್ಕದ ಆಂಧ್ರದಲ್ಲಿ (ಆಗಿನ್ನೂ ಅವಿಭಜಿತ) 2008ರಿಂದ 180 ಹಳ್ಳಿಗಳಲ್ಲಿ ಲಾಟರಿ ಎತ್ತಿ ನಿಜವಾದ ವೋಚರ್ ಕೊಟ್ಟು ನೋಡಿದರು. ನಾಲ್ಕು ವರ್ಷದ ನಂತರ ತೆಲುಗು, ಗಣಿತದಲ್ಲಿ ವೋಚರ್ ಮಕ್ಕಳು ಮುಂದಿರಲಿಲ್ಲ, ಹಿಂದಿಯಲ್ಲಿ ಮಾತ್ರ ಚೆನ್ನಾಗಿ ಮುಂದಿದ್ದರು. ಆದರೆ ಖಾಸಗಿ ಶಾಲೆಯ ತಲಾ ಖರ್ಚು ಸರ್ಕಾರಿ ಶಾಲೆಯ ಮೂರನೇ ಒಂದು ಭಾಗವನ್ನೂ ಮುಟ್ಟಿರಲಿಲ್ಲ. ಕಡಿಮೆ ಸಂಬಳದ ಶಿಕ್ಷಕರಿಂದಲೇ ಆ ಉಳಿತಾಯ ಎಂಬುದನ್ನು ಮರೆಯಬಾರದು.

2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟಿಲ್ಲ. ಅದೇ ಮೇ ತಿಂಗಳಲ್ಲಿ ಹೈಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ರಾಜ್ಯದಲ್ಲಿ ಲಕ್ಷ ದಾಟಿದ್ದ ಸೀಟುಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಕ್ಕೆ ಬಂದವು. ಜನ ಹುಡುಕುತ್ತಿದ್ದುದು ಇಂಗ್ಲಿಷ್ ಎಂದು ಗೊತ್ತಿದ್ದ ಸರ್ಕಾರ 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಿತು.

ಇಂಥದ್ದೇ ನಿಯಮವನ್ನು 2024ರಲ್ಲಿ ಮಹಾರಾಷ್ಟ್ರ ತಂದಾಗ ಬಾಂಬೆ ಹೈಕೋರ್ಟ್ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಒಂದೇ ಕಲಂ, ಗಡಿಯ ಆಚೆಗೊಂದು ಅರ್ಥ, ಈಚೆಗೊಂದು ಅರ್ಥ. ತುಮಕೂರಿನ 35 ವಾರ್ಡುಗಳಲ್ಲಿ ಮಗುವಿಗೆ ಆರ್‌ಟಿಇ ಸೀಟು ಉಂಟೋ ಇಲ್ಲವೋ ಎಂಬುದು ಆ ವಾರ್ಡಿನೊಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಅರ್ಜಿ ಹಾಕುವ ಮುಂಚೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಮೊದಲು ನೋಡಬೇಕಾದ ಪಟ್ಟಿ ಅದೇ.