ಪದ ಪರಿಚಯ: ಸಾಮಾನ್ಯ, ಆದರೆ ವಿಭಿನ್ನ ಹೊಣೆಗಾರಿಕೆ

ಹವಾಮಾನ ಸಮ್ಮೇಳನ ನಡೆದಾಗಲೆಲ್ಲ ಭಾರತದ ಪ್ರತಿನಿಧಿಗಳು ತಪ್ಪದೆ ಎತ್ತುವ ಮಾತಿದು. ಇಂಗ್ಲಿಷಿನ ‘ಕಾಮನ್ ಬಟ್ ಡಿಫರೆನ್ಶಿಯೇಟೆಡ್ ರೆಸ್ಪಾನ್ಸಿಬಿಲಿಟೀಸ್’ ಪತ್ರಿಕೆಗಳಲ್ಲಿ ‘ಸಿಬಿಡಿಆರ್’ ಎಂದು ಚುಟುಕಾಗಿ ಬರುತ್ತದೆ. ಭೂಮಿಯ ಬಿಸಿಯನ್ನು ತಡೆಯುವ ಹೊಣೆ ಎಲ್ಲ ದೇಶಗಳದ್ದೂ ಹೌದು. ಆದರೆ ಹಿಂದಿನಿಂದ ಹೆಚ್ಚು ಹೊಗೆ ಬಿಟ್ಟವರು, ಕೈಯಲ್ಲಿ ಹಣ, ತಂತ್ರಜ್ಞಾನ ಇರುವವರು ಮೊದಲು ಹೆಜ್ಜೆ ಇಡಬೇಕು, ಹೆಚ್ಚು ಹೊರೆ ಹೊರಬೇಕು ಎಂಬುದು ಇದರ ತಿರುಳು.

ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆ ಎಲ್ಲರದೂ. ಹಾಗಂತ ಮೇಲ್ಭಾಗದಲ್ಲಿ ವರ್ಷಗಟ್ಟಲೆ ಗದ್ದೆ ತುಂಬ ನೀರು ಹಾಯಿಸಿಕೊಂಡವರು, ಬರದ ವರ್ಷ ಬಂದು ಮಳವಳ್ಳಿಯ ಕೊನೆಭಾಗದ ರೈತರಿಗೆ ‘ಇಬ್ಬರೂ ಸಮಸಮ ಕಮ್ಮಿ ಮಾಡ್ಕೊಳ್ಳೋಣ’ ಅಂದರೆ ಯಾರು ಒಪ್ಪುತ್ತಾರೆ?

1992ರಲ್ಲಿ ರಿಯೋ ಡಿ ಜನೈರೊದಲ್ಲಿ ದೇಶಗಳು ಸಹಿ ಹಾಕಿದ ಹವಾಮಾನ ಒಪ್ಪಂದದ 3ನೇ ವಿಧಿಯಲ್ಲೇ ಈ ತತ್ವ ಇದೆ. 1997ರ ಕ್ಯೋಟೊ ಒಪ್ಪಂದ ಮುಂದುವರಿದ ದೇಶಗಳಿಗೆ ಮಾತ್ರ ಕಡ್ಡಾಯ ಗುರಿ ಹಾಕಿತು. ಅಮೆರಿಕ ಅದನ್ನು ಅನುಮೋದಿಸಲೇ ಇಲ್ಲ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದು ಕೊಡುವಂತಾಯಿತು. ತತ್ವ ಉಳಿಯಿತು, ಅದರ ಬಿಗಿ ಸಡಿಲವಾಯಿತು. ಬಿಡುವ ಹೊಗೆಯ ಒಟ್ಟು ಲೆಕ್ಕದಲ್ಲಿ ಭಾರತ ಈಗ ಮೂರನೇ ಸ್ಥಾನದಲ್ಲಿದೆ ಎಂದು ಬೊಟ್ಟು ಮಾಡುವವರಿದ್ದಾರೆ. ಆದರೆ ತಲಾ ಲೆಕ್ಕಕ್ಕೆ ಬಂದರೆ ನಮ್ಮದು ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದವರದು ಸುಮಾರು 14 ಟನ್.

ಈ ತತ್ವದ ನಿಜವಾದ ಪರೀಕ್ಷೆ ನಡೆಯುವುದು ಭತ್ತದ ಗದ್ದೆಯಲ್ಲಿ. ನೀರು ನಿಂತ ಗದ್ದೆಯ ಕೆಸರಿಗೆ ಕಾಲಿಟ್ಟರೆ ಗುಳುಗುಳು ಗುಳ್ಳೆ ಏಳುತ್ತದಲ್ಲ, ಅದರಲ್ಲಿ ಮೀಥೇನ್ ಇರುತ್ತದೆ. ನೀರಿನಡಿಯ ಮಣ್ಣಿಗೆ ಗಾಳಿ ತಾಗುವುದಿಲ್ಲ. ಅಲ್ಲಿ ಕೊಳೆಯುವ ಕೂಳೆ, ಬೇರುಗಳಿಂದ ಸೂಕ್ಷ್ಮಜೀವಿಗಳು ಈ ಅನಿಲ ಹುಟ್ಟಿಸುತ್ತವೆ. 20 ವರ್ಷಗಳ ಲೆಕ್ಕ ಹಿಡಿದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಬಿಸಿ ಹೆಚ್ಚಿಸುವ ಅನಿಲ. 2030ರೊಳಗೆ ಮೀಥೇನನ್ನು ಶೇ 30ರಷ್ಟು ಇಳಿಸುವ ಪ್ರತಿಜ್ಞೆಗೆ 2021ರಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ನೂರಕ್ಕೂ ಹೆಚ್ಚು ದೇಶಗಳು ಕೈಜೋಡಿಸಿದವು. ಭಾರತ ಸೇರಲಿಲ್ಲ. ನಮ್ಮ ಮೀಥೇನ್ ಬರುವುದು ಬಹುಪಾಲು ಸಣ್ಣ ರೈತರ ಗದ್ದೆ, ಕೊಟ್ಟಿಗೆಗಳಿಂದ ಎಂಬುದು ಕಾರಣ. ಹೊಟ್ಟೆಪಾಡಿನ ಹೊಗೆ ಬೇರೆ, ಐಷಾರಾಮದ ಹೊಗೆ ಬೇರೆ ಎಂದು ಪರಿಸರವಾದಿಗಳಾದ ಅನಿಲ್ ಅಗರ್‌ವಾಲ್, ಸುನೀತಾ ನಾರಾಯಣ್ 1991ರಲ್ಲೇ ವಾದಿಸಿದ್ದರು. ಆ ವಾದ ಇವತ್ತಿಗೂ ಸರಿ ಎಂದೇ ನನ್ನ ನಂಬಿಕೆ.

ಹಾಗೆಂದು ಕೈಕಟ್ಟಿ ಕೂರಲು ಈ ತತ್ವ ಪರವಾನಗಿ ಕೊಡುವುದಿಲ್ಲ. ಗದ್ದೆಯನ್ನು ನಡುನಡುವೆ ಆರಲು ಬಿಟ್ಟು ಮತ್ತೆ ನೀರು ಕಟ್ಟಿದರೆ ಮೀಥೇನ್ ಗಣನೀಯವಾಗಿ ಇಳಿಯುತ್ತದೆ, ನೀರೂ ಉಳಿಯುತ್ತದೆ. ತೊಡಕು ಬೇರೆ ಕಡೆ ಇದೆ. ಕಟ್ಟು ಪದ್ಧತಿಯಲ್ಲಿ, ಅಂದರೆ ನಾಲೆಗೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಡುವ ವರ್ಷ, ಮುಂದಿನ ಕಟ್ಟು ಹೇಳಿದ ದಿನಕ್ಕೇ ಬರುತ್ತದೆಂಬ ಭರವಸೆ ಇಲ್ಲದ ರೈತ ಗದ್ದೆ ಆರಲು ಬಿಟ್ಟಾನೆಯೇ? 2023ರಲ್ಲಿ ಕೆಆರ್‌ಎಸ್ ತುಂಬದೆ ಮಂಡ್ಯ ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. ಆ ಅಪಾಯವನ್ನು ಅವನೊಬ್ಬನ ತಲೆಗೆ ಕಟ್ಟುವಂತಿಲ್ಲ. ಭೂಮಿ ಸಮ ಮಾಡಲು, ನಾಲೆ ದುರಸ್ತಿಗೆ, ಬೆಳೆ ಹೋದರೆ ಪರಿಹಾರಕ್ಕೆ ಹಣ ಬೇಕು.

ಆ ಹಣದ ವಿಷಯದಲ್ಲೇ ಮಾತು ಹಿಂದೆ ಬಿದ್ದಿರುವುದು. 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದು ಶ್ರೀಮಂತ ದೇಶಗಳು 2009ರಲ್ಲಿ ಹೇಳಿದ್ದವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ದೊಡ್ಡ ಪಾಲು ಸಾಲ. 2024ರಲ್ಲಿ ಬಾಕು ಹವಾಮಾನ ಸಮ್ಮೇಳನದಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದು ತೀರ್ಮಾನವಾಯಿತು. ಬಡ ದೇಶಗಳು ಕೇಳಿದ್ದು 1.3 ಲಕ್ಷ ಕೋಟಿ ಡಾಲರ್. ಭಾರತ ಆ ತೀರ್ಮಾನಕ್ಕೆ ಸಭೆಯಲ್ಲೇ ಆಕ್ಷೇಪ ಎತ್ತಿತು.