ಬೀಗದ ಕೈ ಯಾರ ಬಳಿ? ಆಂಡ್ರಾಯ್ಡ್ ಅನ್‌ಲಾಕ್ ಮತ್ತು ರೂಟ್ ಬೆಳೆದು ಬಂದ ದಾರಿ

2008ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಟಿ-ಮೊಬೈಲ್ ಜಿ1 ಜಗತ್ತಿನ ಮೊದಲ ಆಂಡ್ರಾಯ್ಡ್ ಫೋನು. ತಯಾರಕರು ಅದಕ್ಕೆ ಇಟ್ಟಿದ್ದ ಹೆಸರು ಎಚ್‌ಟಿಸಿ ಡ್ರೀಮ್. ಪರದೆಯನ್ನು ಸರಿಸಿದರೆ ಕೆಳಗಿನಿಂದ ಕೀಲಿಮಣೆ ಕಾಣಿಸಿಕೊಳ್ಳುತ್ತಿದ್ದ ಆ ಫೋನಿನಲ್ಲಿ ಕೆಲವೇ ವಾರಗಳಲ್ಲಿ ಒಂದು ವಿಚಿತ್ರ ಬೆಳಕಿಗೆ ಬಂತು. ಯಾವ ಆ್ಯಪ್ ತೆರೆದಿದ್ದರೂ ಸರಿ, ಎಂಟರ್ ಒತ್ತಿ 'ರೀಬೂಟ್' ಎಂದು ಟೈಪ್ ಮಾಡಿ ಮತ್ತೆ ಎಂಟರ್ ಒತ್ತಿದರೆ ಫೋನು ಆರಿ ಹೊತ್ತಿಕೊಳ್ಳುತ್ತಿತ್ತು. ಕೀಲಿಮಣೆಯಲ್ಲಿ ಒತ್ತಿದ ಪ್ರತಿಯೊಂದು ಅಕ್ಷರವೂ ಪರದೆಗೆ ಹೋಗುವುದರ ಜೊತೆಗೆ, ಟೈಪ್ ಮಾಡಿದ ಆದೇಶಗಳನ್ನು ನಡೆಸುವ, ತೆರೆಮರೆಯಲ್ಲಿ ಓಡುತ್ತಿದ್ದ ಒಂದು ಆದೇಶ ಕವಚಕ್ಕೂ (ಶೆಲ್) ತಲುಪುತ್ತಿತ್ತು. ಆ ಕವಚಕ್ಕೆ ಇಡೀ ವ್ಯವಸ್ಥೆಯ ಮೇಲೆ ಪೂರ್ಣಾಧಿಕಾರವಿತ್ತು. ಪರೀಕ್ಷೆಗೆಂದು ಇಟ್ಟ ಒಂದು ದಾರಿ ಮುಚ್ಚದೆ ಉಳಿದಂತಿತ್ತು. ಹೊರಗಿನಿಂದ ಪ್ರವೇಶ ಕೊಡುವ ಸೇವೆಯನ್ನು ಶುರು ಮಾಡುವ 'ಟೆಲ್ನೆಟ್‌ಡಿ' ಎಂಬ ಆದೇಶವನ್ನು ಟೈಪ್ ಮಾಡಿದವರಿಗೆ ಫೋನಿನ ಒಳಗೆ ಒಡೆಯರಾಗಿ ಪ್ರವೇಶ ದೊರೆಯಿತು. ಗೂಗಲ್ ಬೇಗನೆ ಹೊಸ ಆವೃತ್ತಿ ಕಳಿಸಿ ಆ ದೋಷವನ್ನು ಸರಿಪಡಿಸಿತು. ಜನ ಹಳೆಯ ಆವೃತ್ತಿಗೆ ಮರಳಿ ಹೋಗಿ ಅದೇ ದೋಷವನ್ನು ಬಳಸಿಕೊಂಡರು. ಆಂಡ್ರಾಯ್ಡ್ ರೂಟ್ ಮಾಡುವ ಪರಿಪಾಠ ಹುಟ್ಟಿದ್ದು ಹೀಗೆ, ಒಂದು ತಪ್ಪಿನಿಂದ.

ಆ ಕಥೆ ಮುಂದೆ ಎಲ್ಲಿಗೆ ಹೋಯಿತೆಂದು ತಿಳಿಯಲು ಮೂರು ಪದಗಳನ್ನು ಬೇರೆ ಬೇರೆಯಾಗಿ ನೋಡಬೇಕು, ಏಕೆಂದರೆ ಇವನ್ನು ಬೆರೆಸಿ ಮಾತನಾಡುವುದೇ ಹೆಚ್ಚು. ಫೋನು ಹೊತ್ತಿಕೊಂಡಾಗ ಚಿಪ್‌ನೊಳಗೆ ಅಳಿಸಲಾಗದಂತೆ ಬರೆದಿರುವ ಒಂದು ಸಣ್ಣ ಸಂಕೇತ (ಕೋಡ್) ಮೊದಲು ಎಚ್ಚರಗೊಳ್ಳುತ್ತದೆ. ಅದು ವ್ಯವಸ್ಥೆಯನ್ನು ಶುರು ಮಾಡುವ ಬೂಟ್‌ಲೋಡರ್ ಎಂಬ ತಂತ್ರಾಂಶವನ್ನು ಪರಿಶೀಲಿಸಿ ಎಬ್ಬಿಸುತ್ತದೆ. ಬೂಟ್‌ಲೋಡರ್, ವ್ಯವಸ್ಥೆಯ ತಿರುಳಾದ ಕರ್ನಲ್ ಮೇಲೆ ತಯಾರಕರ ಡಿಜಿಟಲ್ ಸಹಿ ಇದೆಯೇ ಎಂದು ನೋಡಿ ಮುಂದೆ ಬಿಡುತ್ತದೆ. ಬೂಟ್‌ಲೋಡರ್ ಅನ್‌ಲಾಕ್ ಮಾಡುವುದೆಂದರೆ ಈ ಸಹಿಯ ಕಡ್ಡಾಯವನ್ನು ಸಡಿಲಿಸುವುದು. ಕಸ್ಟಮ್ ರಾಮ್ ಹಾಕುವುದೆಂದರೆ ತಯಾರಕರು ಕೊಟ್ಟ ವ್ಯವಸ್ಥೆಯನ್ನು ತೆಗೆದು ಬೇರೆಯವರು ಕಟ್ಟಿದ ಆಂಡ್ರಾಯ್ಡನ್ನು ಆ ಜಾಗದಲ್ಲಿ ಫ್ಲ್ಯಾಶ್ ಮಾಡುವುದು, ಅಂದರೆ ಬರೆದು ಕೂರಿಸುವುದು. ರೂಟ್ ಎಂಬುದು ಯುನಿಕ್ಸ್ ಪರಂಪರೆಯಿಂದ ಬಂದ ಮಾತು. ಯಾವ ಕಡತವನ್ನಾದರೂ ಓದಬಲ್ಲ, ತಿದ್ದಬಲ್ಲ ಬಳಕೆದಾರನ ಹೆಸರು ಅದು. ಲಿನಕ್ಸ್ ಕಂಪ್ಯೂಟರಿನಲ್ಲಿ ಈ ಅಧಿಕಾರ ಯಂತ್ರವನ್ನು ಕೊಂಡವರ ಕೈಗೆ ಮೊದಲ ದಿನವೇ ಸಿಗುತ್ತದೆ. ಅದೇ ಲಿನಕ್ಸ್ ಕರ್ನಲ್ ಮೇಲೆ ನಿಂತ ಆಂಡ್ರಾಯ್ಡ್ ಫೋನಿನಲ್ಲಿ ಸಿಗುವುದಿಲ್ಲ. ಮೂರರಲ್ಲಿ ಒಂದನ್ನು ಮಾಡಿದವರು ಉಳಿದೆರಡನ್ನೂ ಮಾಡಿರಬೇಕೆಂದೇನೂ ಇಲ್ಲ: ಕಸ್ಟಮ್ ರಾಮ್ ಹಾಕಿಯೂ ರೂಟ್ ಇಲ್ಲದೆ ಫೋನ್ ಬಳಸುವವರು ಅನೇಕರಿದ್ದಾರೆ.

ಮೊದಲ ವರ್ಷಗಳಲ್ಲಿ ಬಹುತೇಕ ಫೋನುಗಳಿಗೆ ಒಳಹೋಗಲು ಕನ್ನವೊಂದೇ ದಾರಿಯಾಗಿತ್ತು. 2010ರಲ್ಲಿ ಪ್ರಚಲಿತವಾದ 'ರೇಜ್ ಅಗೇನ್ಸ್ಟ್ ದ ಕೇಜ್' ಎಂಬ ತಂತ್ರವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಅದರಲ್ಲಿ ಈ ಇಡೀ ಕಾಲದ ಗುಣ ಕಾಣುತ್ತದೆ. ಕಂಪ್ಯೂಟರಿನಿಂದ ಫೋನಿಗೆ ಆದೇಶ ಕಳಿಸಲು ನೆರವಾಗುವ ಎಡಿಬಿ ಎಂಬ ಸೇವೆ ಮೊದಲು ರೂಟ್ ಆಗಿಯೇ ಶುರುವಾಗಿ, ಆಮೇಲೆ ತನ್ನ ಅಧಿಕಾರವನ್ನು ತಾನೇ ಬಿಟ್ಟುಕೊಟ್ಟು ಸಾಮಾನ್ಯ ಬಳಕೆದಾರನಾಗುತ್ತಿತ್ತು. ಒಬ್ಬ ಬಳಕೆದಾರನ ಹೆಸರಿನಲ್ಲಿ ಇಷ್ಟೇ ಪ್ರಕ್ರಿಯೆಗಳು ಓಡಬಹುದೆಂಬ ಮಿತಿ ಲಿನಕ್ಸ್‌ನಲ್ಲಿದೆ. ಆ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ಮಿತಿ ತುಂಬುವಷ್ಟು ಪ್ರಕ್ರಿಯೆಗಳನ್ನು ಮೊದಲೇ ಹುಟ್ಟಿಸಿ, ಎಡಿಬಿಯನ್ನು ಮತ್ತೆ ಶುರು ಮಾಡಿದರೆ, ಅಧಿಕಾರ ಬಿಡುವ ಹೆಜ್ಜೆ ವಿಫಲವಾಗುತ್ತಿತ್ತು. ಆ ಹೆಜ್ಜೆ ಗೆದ್ದಿತೋ ಸೋತಿತೋ ಎಂದು ಎಡಿಬಿ ನೋಡುತ್ತಲೇ ಇರಲಿಲ್ಲ. ಹೀಗೆ ಅದು ರೂಟ್ ಆಗಿಯೇ ಉಳಿದುಬಿಡುತ್ತಿತ್ತು. ಒಂದು ಸಾಲಿನ ಪರಿಶೀಲನೆ ಬಿಟ್ಟುಹೋದದ್ದರಿಂದ ಲಕ್ಷಾಂತರ ಫೋನುಗಳ ಬಾಗಿಲು ತೆರೆದಿತ್ತು.

ಆದರೆ ಕನ್ನಕ್ಕೆ ಒಡೆಯರಾರು, ಕಳ್ಳರಾರು ಎಂದು ತಿಳಿಯದು. 2011ರ ಮಾರ್ಚ್‌ನಲ್ಲಿ ಗೂಗಲ್‌ನ ಅಂದಿನ ಆ್ಯಪ್ ಅಂಗಡಿಯಾದ ಆಂಡ್ರಾಯ್ಡ್ ಮಾರ್ಕೆಟ್‌ನಲ್ಲಿಯೇ 50ಕ್ಕೂ ಹೆಚ್ಚು ಆ್ಯಪ್‌ಗಳ ಒಳಗೆ 'ಡ್ರಾಯ್ಡ್‌ಡ್ರೀಮ್' ಎಂಬ ಕುತಂತ್ರಾಂಶ ಪತ್ತೆಯಾಯಿತು. ಅದು ಫೋನನ್ನು ವಶಪಡಿಸಿಕೊಳ್ಳಲು ಬಳಸಿದ್ದು ಹವ್ಯಾಸಿಗಳು ರೂಟ್ ಮಾಡಲು ಬಳಸುತ್ತಿದ್ದ ಅವೇ ದೋಷಗಳನ್ನು. ಗೂಗಲ್ ಆ ಆ್ಯಪ್‌ಗಳನ್ನು ಅಂಗಡಿಯಿಂದಷ್ಟೇ ಅಲ್ಲ, ಜನರ ಫೋನುಗಳಿಂದಲೂ ದೂರದಿಂದಲೇ ಅಳಿಸಬೇಕಾಯಿತು. ತಯಾರಕರು ಬೀಗ ಬಿಗಿ ಮಾಡಿದ್ದು ಬರೀ ದುರಾಸೆಯಿಂದ ಎನ್ನುವವರು ಈ ಘಟನೆಯನ್ನು ಮರೆಯಬಾರದು. ಅಷ್ಟೇ ಮುಖ್ಯವಾಗಿ, ಒಡೆಯರಿಗೆಂದು ಮುಂಬಾಗಿಲನ್ನೇ ಕೊಟ್ಟಿದ್ದರೆ ಅವರು ಗೋಡೆಯ ಬಿರುಕುಗಳನ್ನು ಹುಡುಕುತ್ತಲೂ ಇರಲಿಲ್ಲ, ಅವು ಮುಚ್ಚದಿರಲಿ ಎಂದು ಬಯಸುತ್ತಲೂ ಇರಲಿಲ್ಲ.

ಆ ಮುಂಬಾಗಿಲಿನ ಮಾದರಿ ಆಗಲೇ ಸಿದ್ಧವಿತ್ತು. 2008ರ ಡಿಸೆಂಬರ್‌ನಲ್ಲಿಯೇ ಗೂಗಲ್ ತಂತ್ರಾಂಶ ಬರೆಯುವವರಿಗಾಗಿ ಬೀಗವಿಲ್ಲದ ಫೋನೊಂದನ್ನು 399 ಡಾಲರಿಗೆ ಮಾರತೊಡಗಿತ್ತು. 2010ರ ಜನವರಿಯಲ್ಲಿ ಬಂದ ಗೂಗಲ್‌ನ ನೆಕ್ಸಸ್ ಒನ್ ಫೋನು ಆ ಸೌಲಭ್ಯವನ್ನು ಎಲ್ಲರಿಗೂ ತಂದಿತು: ಕಂಪ್ಯೂಟರಿಗೆ ಜೋಡಿಸಿ 'ಫಾಸ್ಟ್‌ಬೂಟ್ ಓಇಎಂ ಅನ್‌ಲಾಕ್' ಎಂಬ ಆದೇಶ ಕೊಟ್ಟರೆ, ವಾರಂಟಿ ಹೋಗುತ್ತದೆಂಬ ಎಚ್ಚರಿಕೆಯೊಂದು ಪರದೆಯ ಮೇಲೆ ಬರುತ್ತಿತ್ತು, ಒಪ್ಪಿದರೆ ಬೂಟ್‌ಲೋಡರ್ ತೆರೆದುಕೊಳ್ಳುತ್ತಿತ್ತು. ಮುಂದೆ ರೂಢಿಗೆ ಬಂದ ಇನ್ನೊಂದು ನಿಯಮ ನನ್ನ ದೃಷ್ಟಿಯಲ್ಲಿ ಬಹಳ ವಿವೇಕದ್ದು. ಅನ್‌ಲಾಕ್ ಮಾಡಿದೊಡನೆ ಫೋನಿನಲ್ಲಿರುವ ಸ್ವಂತ ದತ್ತಾಂಶವೆಲ್ಲ ಅಳಿಸಿಹೋಗುತ್ತದೆ. ಇದು ಶಿಕ್ಷೆಯಲ್ಲ, ಕದ್ದ ಫೋನನ್ನು ತೆರೆದವನಿಗೆ ಒಡೆಯರ ಚಿತ್ರಗಳೂ ಸಂದೇಶಗಳೂ ಸಿಗಬಾರದೆಂಬ ಕಾಳಜಿ. ಇದನ್ನು ತಿಳಿಯದೆ ಬ್ಯಾಕಪ್ ಇಲ್ಲದೆ ಮುಂದುವರಿದು ಕಳೆದುಕೊಂಡವರ ಸಂಖ್ಯೆ ಮಾತ್ರ ಸಣ್ಣದಲ್ಲ.

2011ರಲ್ಲಿ ಎಚ್‌ಟಿಸಿ ಮತ್ತು ಸೋನಿ ಎರಿಕ್ಸನ್ ಕಂಪನಿಗಳೂ ಅಧಿಕೃತ ಅನ್‌ಲಾಕ್ ಸೌಲಭ್ಯ ತೆರೆದವು. ಆದರೆ ತೆರೆದವರ ಮೇಲೆ ಗುರುತು ಬಿಡುವ ಕ್ರಮವೂ ಜೊತೆಜೊತೆಗೆ ಬಂತು. ಸೋನಿಯ ಹಲವು ಫೋನುಗಳಲ್ಲಿ ಅನ್‌ಲಾಕ್ ಮಾಡಿದರೆ ಕೆಲವು ಗೌಪ್ಯ ಕೀಲಿಗಳು ಶಾಶ್ವತವಾಗಿ ಅಳಿದು, ಮಂದ ಬೆಳಕಿನಲ್ಲಿ ತೆಗೆದ ಚಿತ್ರಗಳ ಗುಣಮಟ್ಟವೇ ಕುಸಿಯುತ್ತಿತ್ತು. ಸ್ಯಾಮ್‌ಸಂಗ್ 2013ರಿಂದ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಭಾಗವಾಗಿ ಚಿಪ್‌ನೊಳಗೆ ಒಂದು ವಿದ್ಯುತ್ ಫ್ಯೂಸ್ ಇಟ್ಟಿತು. ಸಹಿಯಿಲ್ಲದ ತಂತ್ರಾಂಶ ಒಮ್ಮೆ ಓಡಿದರೆ ಅದು ಸುಟ್ಟುಹೋಗುತ್ತದೆ, ಮೂಲ ತಂತ್ರಾಂಶವನ್ನು ಮತ್ತೆ ಹಾಕಿದರೂ ಮರಳಿ ಬರುವುದಿಲ್ಲ.

ಅನ್‌ಲಾಕ್ ಎಂಬ ಪದಕ್ಕೆ ಇನ್ನೊಂದು ಅರ್ಥವಿರುವುದರಿಂದ ಒಂದು ಮಾತು ಹೇಳಬೇಕು. ಒಂದೇ ದೂರವಾಣಿ ಕಂಪನಿಯ ಸಿಮ್ ಮಾತ್ರ ನಡೆಯುವಂತೆ ಹಾಕಿದ ಬೀಗ ಬೂಟ್‌ಲೋಡರ್ ಬೀಗದಿಂದ ಬೇರೆಯದು. ಅಮೆರಿಕದ ಕಾನೂನು ಇವೆರಡನ್ನೂ ಪ್ರತ್ಯೇಕವಾಗಿಯೇ ನೋಡಿದೆ. ಸ್ಮಾರ್ಟ್‌ಫೋನಿನ ತಂತ್ರಾಂಶ ನಿರ್ಬಂಧವನ್ನು ಮುರಿಯುವುದಕ್ಕೆ 2010ರ ಜುಲೈಯಲ್ಲಿ ಹಕ್ಕುಸ್ವಾಮ್ಯ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಸಿಮ್ ಬೀಗ ತೆರೆಯಲು ಇದ್ದ ವಿನಾಯಿತಿ 2013ರ ಜನವರಿಯಲ್ಲಿ ಹೊಸ ಫೋನುಗಳ ಮಟ್ಟಿಗೆ ಕೊನೆಗೊಂಡಾಗ 1 ಲಕ್ಷಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. 2014ರ ಆಗಸ್ಟ್‌ನಲ್ಲಿ ಹೊಸ ಕಾಯಿದೆ ಆ ಹಕ್ಕನ್ನು ಮರಳಿಸಿತು.

ಬೀಗ ತೆರೆದ ಮೇಲೆ ಒಳಗೆ ಏನು ಇಡಬೇಕೆಂಬ ಪ್ರಶ್ನೆಗೆ ದೊಡ್ಡ ಉತ್ತರ ಕೊಟ್ಟವರು ಸ್ಟೀವ್ ಕಾಂಡಿಕ್. ಅವರು 2009ರಲ್ಲಿ ಕಟ್ಟತೊಡಗಿದ ಸಯನೋಜೆನ್‌ಮಾಡ್ ಎಂಬ ಕಸ್ಟಮ್ ರಾಮ್ ಬೇಗನೆ ನೂರಾರು ಸ್ವಯಂಸೇವಕರ ಯೋಜನೆಯಾಗಿ ಬೆಳೆಯಿತು. ಅದು ಸಾಧ್ಯವಾದದ್ದು ಆಂಡ್ರಾಯ್ಡ್‌ನ ಬಹುಭಾಗ ಅಪಾಚೆ ಪರವಾನಗಿಯಡಿ ಮುಕ್ತವಾಗಿದ್ದುದರಿಂದ ಮತ್ತು ಕರ್ನಲ್‌ಗೆ ಅನ್ವಯಿಸುವ ಜಿಪಿಎಲ್ ಪರವಾನಗಿ ಅದರ ಮೂಲ ಸಂಕೇತವನ್ನು ಹಂಚಲೇಬೇಕೆಂದು ತಯಾರಕರನ್ನು ಬಿಗಿದಿದ್ದರಿಂದ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗೂಗಲ್ ಕಾಂಡಿಕ್ ಅವರಿಗೆ ಕಾನೂನು ಎಚ್ಚರಿಕೆಯ ಪತ್ರ ಕಳಿಸಿತು. ಆಕ್ಷೇಪವಿದ್ದದ್ದು ಆಂಡ್ರಾಯ್ಡ್ ಬಗ್ಗೆ ಅಲ್ಲ. ಅದರೊಂದಿಗೆ ಹಂಚಲಾಗುತ್ತಿದ್ದ ಮಾರ್ಕೆಟ್, ಜಿಮೇಲ್, ಯೂಟ್ಯೂಬ್ ಮುಂತಾದ ಗೂಗಲ್ ಆ್ಯಪ್‌ಗಳ ಬಗ್ಗೆ. ಅಂದಿನಿಂದ ಕಸ್ಟಮ್ ರಾಮ್‌ಗಳು ಗೂಗಲ್ ಆ್ಯಪ್‌ಗಳಿಲ್ಲದೆ ಬಂದವು, ಬೇಕಾದವರು ಅವನ್ನು ಬೇರೆಯಾಗಿ ಫ್ಲ್ಯಾಶ್ ಮಾಡಿಕೊಂಡರು. ಅಂದು ಇದು ಬರೀ ತಾಂತ್ರಿಕ ಅಡಚಣೆಯಾಗಿ ಕಂಡಿರಬಹುದು. ಆದರೆ ಮುಕ್ತ ಆಂಡ್ರಾಯ್ಡ್ ಒಂದು, ಗೂಗಲ್ ಸೇವೆಗಳಿರುವ ಆಂಡ್ರಾಯ್ಡ್ ಇನ್ನೊಂದು ಎಂಬ ಗಡಿಗೆರೆ ಎಳೆದದ್ದು ಆಗ. ಮುಂದಿನ ಎಲ್ಲ ಬೆಳವಣಿಗೆ ನಡೆದದ್ದು ಅದೇ ಗೆರೆಯ ಉದ್ದಕ್ಕೂ. ಸಯನೋಜೆನ್‌ಮಾಡ್ ಬಳಗದಿಂದಲೇ ಹುಟ್ಟಿದ ಸಯನೋಜೆನ್ ಇಂಕ್ ಕಂಪನಿ 2016ರ ಡಿಸೆಂಬರ್ 31ಕ್ಕೆ ತನ್ನ ಸೇವೆಗಳನ್ನು ನಿಲ್ಲಿಸಿದಾಗ, ಸ್ವಯಂಸೇವಕರು ಅದೇ ಸಂಕೇತವನ್ನು ಲಿನಿಯೇಜ್‌ಓಎಸ್ ಹೆಸರಿನಲ್ಲಿ ಮುಂದುವರಿಸಿದರು.

ಇದರಿಂದ ಆದ ಪ್ರಯೋಜನ ಕಣ್ಣಿಗೆ ಕಾಣುವಂಥದ್ದು. ಜಿ1 ಫೋನಿಗೆ ಅಧಿಕೃತ ನವೀಕರಣ ಆಂಡ್ರಾಯ್ಡ್ 1.6ಕ್ಕೆ ನಿಂತಿತು, ಸಯನೋಜೆನ್‌ಮಾಡ್ ಅದಕ್ಕೆ 2.2 ತಂದಿತು. 2011ರ ಗ್ಯಾಲಕ್ಸಿ ಎಸ್2 ಫೋನಿಗೆ ತಯಾರಕರು ಕೊಟ್ಟ ಕೊನೆಯ ಆವೃತ್ತಿ 4.1; ಲಿನಿಯೇಜ್‌ಓಎಸ್ ಅದನ್ನು 7.1ರವರೆಗೆ ನಡೆಸಿತು. ಗಟ್ಟಿಯಾಗಿರುವ ಯಂತ್ರವೊಂದು ಭದ್ರತಾ ತಿದ್ದುಪಡಿ ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಕಸವಾಗುವುದನ್ನು ಈ ಜನ ಸಂಬಳವಿಲ್ಲದೆ ತಡೆದರು.

ಈ ನಡುವೆ ಆಂಡ್ರಾಯ್ಡ್ ಒಳಗಿನಿಂದ ಬಿಗಿಯಾಗುತ್ತಿತ್ತು. ರೂಟ್ ಪ್ರಕ್ರಿಯೆಗೂ ಎಲ್ಲೆ ಹಾಕಬಲ್ಲ ಎಸ್‌ಇಲಿನಕ್ಸ್ ಎಂಬ ಭದ್ರತಾ ಪದರ ಆಂಡ್ರಾಯ್ಡ್ 5.0 ಆವೃತ್ತಿಯಲ್ಲಿ ಪೂರ್ಣವಾಗಿ ಜಾರಿಯಾಯಿತು. ವ್ಯವಸ್ಥೆಯ ವಿಭಾಗದಲ್ಲಿ ಒಂದು ಬಿಟ್ ಬದಲಾದರೂ ಪತ್ತೆಹಚ್ಚುವ ಪರಿಶೀಲಿತ ಬೂಟ್ 7.0ರ ಹೊತ್ತಿಗೆ ಕಟ್ಟುನಿಟ್ಟಾಯಿತು. ಹಾಗಾಗಿ ರೂಟ್ ಮಾಡುವವರು ವ್ಯವಸ್ಥೆಯನ್ನು ಮುಟ್ಟದೆ ರೂಟ್ ಮಾಡುವ ದಾರಿ ಹುಡುಕಿದರು. ಜಾನ್ ವೂ 2016ರಲ್ಲಿ ಬಿಡುಗಡೆ ಮಾಡಿದ ಮ್ಯಾಜಿಸ್ಕ್ ಬೂಟ್ ಭಾಗವನ್ನಷ್ಟೇ ತಿದ್ದಿ, ಮೂಲ ಕಡತಗಳ ಮೇಲೆ ತೆಳುಪರದೆಯಂತೆ ಬದಲಾವಣೆಗಳನ್ನು ಹೊದಿಸುತ್ತದೆ. ಪರದೆ ಸರಿಸಿದರೆ ಕೆಳಗಿನದು ಹಾಗೆಯೇ ಇರುತ್ತದೆ. ಕೆಲವು ಆ್ಯಪ್‌ಗಳಿಗೆ ಆ ಪರದೆ ಕಾಣದಂತೆ ಮಾಡುವುದೂ ಅದರಿಂದ ಸಾಧ್ಯವಾಯಿತು.

ಅಡಗಿಸುವ ಅಗತ್ಯ ಬಂದದ್ದು ಗೂಗಲ್‌ನ ಸೇಫ್ಟಿನೆಟ್ ಎಂಬ ಪರೀಕ್ಷೆಯಿಂದ. ಪಾವತಿ ಆ್ಯಪ್, ಬ್ಯಾಂಕ್ ಆ್ಯಪ್, ಆಟ ಯಾವುದೇ ಇರಲಿ, ಫೋನು ಮೂಲ ಸ್ಥಿತಿಯಲ್ಲಿದೆಯೇ ಎಂದು ಅದು ಗೂಗಲ್ ಸರ್ವರನ್ನು ಕೇಳಬಹುದಾಗಿತ್ತು. 2016ರ ಅಕ್ಟೋಬರ್‌ನಿಂದ ರೂಟ್ ಇಲ್ಲದಿದ್ದರೂ ಬರೀ ಬೂಟ್‌ಲೋಡರ್ ತೆರೆದಿದ್ದರೆ ಸಾಕು, ಪರೀಕ್ಷೆ ಸೋಲತೊಡಗಿತು. ಮೊದಮೊದಲು ಉತ್ತರ ಕೊಡುತ್ತಿದ್ದದ್ದು ಫೋನಿನ ತಂತ್ರಾಂಶವೇ ಆದ್ದರಿಂದ ಅದಕ್ಕೆ ಸುಳ್ಳು ಹೇಳಿಸಬಹುದಿತ್ತು. 2020ರಿಂದ ಈ ಕೆಲಸ ಚಿಪ್‌ನ ಪ್ರತ್ಯೇಕ ಭದ್ರ ಭಾಗಕ್ಕೆ ಹೋಗತೊಡಗಿತು: ಕಾರ್ಖಾನೆಯಲ್ಲಿ ತುಂಬಿದ ಗೌಪ್ಯ ಕೀಲಿಯಿಂದ ಅದು ಬೂಟ್‌ಲೋಡರಿನ ಸ್ಥಿತಿಗೆ ಸಹಿ ಹಾಕುತ್ತದೆ, ಆಂಡ್ರಾಯ್ಡ್ ಒಳಗೆ ಓಡುವ ತಂತ್ರಾಂಶ ಅದನ್ನು ಸುಲಭವಾಗಿ ತಿರುಚಲಾಗದು. 2022ರಲ್ಲಿ ಬಂದ ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್‌ನ ಹೊಸ ಪರೀಕ್ಷೆ ಸೇಫ್ಟಿನೆಟ್‌ನ ಜಾಗ ಹಿಡಿಯಿತು; 2025ರ ಮೇ ತಿಂಗಳಿನಿಂದ ಆಂಡ್ರಾಯ್ಡ್ 13 ಮತ್ತು ಮುಂದಿನ ಆವೃತ್ತಿಗಳಲ್ಲಿ ಯಂತ್ರಾಂಶದ ಸಹಿ ಇಲ್ಲದೆ ಅದರ ಸಾಮಾನ್ಯ ಹಂತವನ್ನೂ ದಾಟುವಂತಿಲ್ಲ.

ಹೀಗೆ ಬೀಗ ಫೋನಿನಿಂದ ಸರ್ವರಿಗೆ ಸ್ಥಳಾಂತರವಾಯಿತು. ಹಲವು ಫೋನುಗಳನ್ನು ತೆರೆಯಲು ಇಂದಿಗೂ ಅಡ್ಡಿಯಿಲ್ಲ ಎನ್ನಬಹುದು. ತೆರೆದ ಫೋನಿನಿಂದ ಹಣ ಪಾವತಿಸಲು ಅಡ್ಡಿಯಿದೆ. ಪಾವತಿಯೂ ಗುರುತಿನ ದಾಖಲೆಯೂ ಫೋನಿನೊಳಗೇ ಸೇರಿರುವ ಕಾಲದಲ್ಲಿ ಇವೆರಡರ ನಡುವೆ ವ್ಯತ್ಯಾಸ ಉಳಿಯುವುದು ಕಾಗದದ ಮೇಲೆ ಮಾತ್ರ.

ಇದೆಲ್ಲ ಭದ್ರತೆಗಾಗಿ ಅನಿವಾರ್ಯ ಎಂಬ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ರೂಟ್ ಅಧಿಕಾರ ಪಡೆದ ಕೆಟ್ಟ ಆ್ಯಪ್ ಇತರ ಆ್ಯಪ್‌ಗಳ ಗುಟ್ಟನ್ನೆಲ್ಲ ಓದಬಲ್ಲದು. ಬ್ಯಾಂಕುಗಳ ಆತಂಕಕ್ಕೆ ಆಧಾರವಿದೆ. ಆದರೆ ಕಸ್ಟಮ್ ರಾಮ್ ಹಾಕಿದ ಫೋನೆಲ್ಲ ಅಭದ್ರ ಎಂಬುದನ್ನು ಆಂಡ್ರಾಯ್ಡ್‌ನ ಸ್ವಂತ ವಿನ್ಯಾಸವೇ ಒಪ್ಪುವುದಿಲ್ಲ. ಪರಿಶೀಲಿತ ಬೂಟ್‌ಗೆ ಬಣ್ಣಗಳ ಗುರುತಿದೆ: ತಯಾರಕರ ಸಹಿಯಿದ್ದರೆ ಹಸಿರು, ಬೀಗ ತೆರೆದಿದ್ದರೆ ಕಿತ್ತಳೆ, ಕೆಟ್ಟಿದ್ದರೆ ಕೆಂಪು. ಇವುಗಳೊಂದಿಗೆ ಹಳದಿಯೂ ಇದೆ. ಒಡೆಯರು ತಮ್ಮದೇ ಕೀಲಿಯನ್ನು ಫೋನಿಗೆ ತುಂಬಿ ಬೂಟ್‌ಲೋಡರನ್ನು ಮತ್ತೆ ಬೀಗ ಹಾಕಿದ ಸ್ಥಿತಿ ಅದು. ಗ್ರಾಫೀನ್‌ಓಎಸ್ ಎಂಬ ಕಸ್ಟಮ್ ರಾಮ್ ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ನಡೆಯುವುದು ಹೀಗೆಯೇ: ಬೀಗ ತೆರೆದು, ವ್ಯವಸ್ಥೆ ಬದಲಿಸಿ, ಅದರ ಕೀಲಿಯೊಂದಿಗೆ ಮತ್ತೆ ಬೀಗ ಹಾಕಲಾಗುತ್ತದೆ, ರೂಟ್ ಇರುವುದಿಲ್ಲ, ಒಂದು ಬಿಟ್ ಬದಲಾದರೂ ಫೋನು ಏಳುವುದಿಲ್ಲ. ಚಿಪ್‌ನ ಭದ್ರ ಭಾಗ ಆ ಕೀಲಿಯ ಗುರುತಿಗೂ ನಿಷ್ಠೆಯಿಂದ ಸಹಿ ಹಾಕಿಕೊಡುತ್ತದೆ, ಅದನ್ನು ನೇರವಾಗಿ ಪರಿಶೀಲಿಸಿ ಒಪ್ಪುವ ಅವಕಾಶ ಆ್ಯಪ್ ತಯಾರಕರಿಗೆ ಇದೆ. ಪ್ಲೇ ಇಂಟೆಗ್ರಿಟಿ ಮಾತ್ರ ಇಂಥ ಫೋನನ್ನು ಪ್ರಮಾಣಿತ ಎಂದು ಒಪ್ಪುವುದಿಲ್ಲ. ಅದೇ ಸಮಯದಲ್ಲಿ, ವರ್ಷಗಳಿಂದ ಒಂದೂ ಭದ್ರತಾ ತಿದ್ದುಪಡಿ ಕಾಣದ ಹಳೆಯ ಫೋನು ತಯಾರಕರ ಬೀಗ ಮುರಿಯದೆ ಇದ್ದರೆ ಆ ಪರೀಕ್ಷೆಯ ಸಾಮಾನ್ಯ ಹಂತವನ್ನು ದಾಟಬಲ್ಲದು. ಅಳೆಯುತ್ತಿರುವುದು ಭದ್ರತೆಯನ್ನೇ ಆಗಿದ್ದರೆ ಫಲಿತಾಂಶ ಹೀಗೆ ಬರುತ್ತಿರಲಿಲ್ಲ.

ಮುಂಬಾಗಿಲುಗಳೂ ಒಂದೊಂದಾಗಿ ಮುಚ್ಚುತ್ತಿವೆ. ಹುವಾವೇ 2018ರ ಜುಲೈಯಲ್ಲಿ ಅನ್‌ಲಾಕ್ ಸಂಕೇತ ಕೊಡುವುದನ್ನು ನಿಲ್ಲಿಸಿತು. ಶಿಯೋಮಿ 2016ರಿಂದ ಅನುಮತಿಯನ್ನೂ ಕಾಯುವಿಕೆಯನ್ನೂ ಕಡ್ಡಾಯ ಮಾಡಿ, ಷರತ್ತುಗಳನ್ನು ಬಿಗಿಗೊಳಿಸುತ್ತ ಬಂದಿದೆ. ಸ್ಯಾಮ್‌ಸಂಗ್ ಫೋನುಗಳ ಆಂಡ್ರಾಯ್ಡ್ ರೂಪವಾದ ಒನ್ ಯುಐನ 8ನೇ ಆವೃತ್ತಿಯಲ್ಲಿ 2025ರಲ್ಲಿ ಅನ್‌ಲಾಕ್ ಆಯ್ಕೆಯೇ ಕಾಣೆಯಾಯಿತು. ಗೂಗಲ್ 2025ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್ ಅಭಿವೃದ್ಧಿಯನ್ನೆಲ್ಲ ತನ್ನ ಒಳಾಂಗಣಕ್ಕೆ ಒಯ್ಯುವುದಾಗಿ ತಿಳಿಸಿತು. ಪೂರ್ಣಗೊಂಡ ಆವೃತ್ತಿಯ ಮೂಲ ಸಂಕೇತ ಮಾತ್ರ ಹೊರಬರುತ್ತದೆ. ಜೂನ್‌ನಲ್ಲಿ ಬಂದ ಆಂಡ್ರಾಯ್ಡ್ 16ರ ಸಂಕೇತದಲ್ಲಿ, ನೆಕ್ಸಸ್ ಕಾಲದಿಂದಲೂ ತಪ್ಪದೆ ಸಿಗುತ್ತಿದ್ದ ಒಂದು ಭಾಗ ಇರಲಿಲ್ಲ: ಗೂಗಲ್‌ನ ಸ್ವಂತ ಫೋನಿನ ಯಂತ್ರಾಂಶಕ್ಕೆ ವ್ಯವಸ್ಥೆಯನ್ನು ಹೊಂದಿಸುವ ಕಡತಗಳು. ಪಿಕ್ಸೆಲ್‌ಗಾಗಿ ರಾಮ್ ಕಟ್ಟುವವರು ಈಗ ಅವನ್ನು, ಉಳಿದ ಎಲ್ಲ ಫೋನುಗಳಿಗೆ ಮಾಡುತ್ತಿದ್ದಂತೆ, ಸಿದ್ಧ ತಂತ್ರಾಂಶವನ್ನು ಬಿಚ್ಚಿ ನೋಡಿ ತಾವೇ ಬರೆದುಕೊಳ್ಳುತ್ತಿದ್ದಾರೆ.