ಟೊಮೆಟೊಗೆ 3 ದಿನ, ಬದನೆಗೆ 22 ದಿನ

ಕೋಲಾರದ ಕಡೆ ಕಾಯಿಕೊರಕ ಕಂಡ ತಕ್ಷಣ ರೈತರು ಅಂಗಡಿಯಲ್ಲಿ ಕೇಳೋದು ಕೊರಾಜನ್ ಅನ್ನೋ ಕೀಟನಾಶಕ. ಒಳಗಿರುವ ಔಷಧಿ ಕ್ಲೋರಾಂಟ್ರಾನಿಲಿಪ್ರೋಲ್. ಟೊಮೆಟೊಗೆ ಹೊಡೆದರೆ 3 ದಿನ ಬಿಟ್ಟು ಕೀಳಬಹುದು. ಪಕ್ಕದ ಬದನೆಗೆ ಹೊಡೆದರೆ 22 ದಿನ ಕಾಯಬೇಕು. "ಅದೇ ಬಾಟ್ಲಿ, ಅದೇ ಪಂಪು, ಇದೇನ್ ಸಾರ್ ಲೆಕ್ಕ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಪ್ರತಿ ಬೆಳೆಗೂ ಬೇರೆ ಬೇರೆ ಪ್ರಯೋಗ ನಡೆದಿರುತ್ತದೆ. ಲೇಬಲ್‌ನಲ್ಲಿ ಹೇಳುವಷ್ಟೇ ಡೋಸ್ ಹೊಡೆದು, ಕೆಲವು ದಿನಕ್ಕೊಮ್ಮೆ ಕಾಯಿ ಕಿತ್ತು, ಎಷ್ಟು ಉಳಿದಿದೆ ಅಂತ ಲ್ಯಾಬಿನಲ್ಲಿ ನೋಡುತ್ತಾರೆ. ಬದನೆಗೆ ಡೋಸೇ ಸ್ವಲ್ಪ ಜಾಸ್ತಿ. ಹೀಗೆ ಉಳಿದದ್ದನ್ನು ಜೀವಮಾನವಿಡೀ ತಿಂದರೂ ತೊಂದರೆಯಿಲ್ಲವೇ ಅಂತ ಲೆಕ್ಕ ಹಾಕಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಮಿತಿ ಗೊತ್ತು ಮಾಡುತ್ತದೆ. ಅದೇ ಎಂಆರ್‌ಎಲ್, ಅಂದರೆ ಆಹಾರದಲ್ಲಿ ಉಳಿಯಬಹುದಾದ ಔಷಧಿಯ ಗರಿಷ್ಠ ಮಿತಿ. ಉಳಿದದ್ದು ಆ ಮಿತಿಗಿಂತ ಕೆಳಗೆ ಇಳಿಯಲಿ ಅಂತಲೇ ಕಾಯುವ ದಿನ. ಹಾಗಾಗಿ ಮಿತಿ ಸ್ವಲ್ಪ ದಾಟಿದ ಟೊಮೆಟೊ ತಿಂದವರು ಅವತ್ತೇ ಆಸ್ಪತ್ರೆ ಸೇರಲ್ಲ. ಯಾರೋ ಲೇಬಲ್ ಪಾಲಿಸಿಲ್ಲ ಅನ್ನೋದು ಮಾತ್ರ ಬಹುತೇಕ ಖಾತ್ರಿ. ಬೆಂಗಳೂರಿನಲ್ಲಿ ಗಾಬರಿಯಾಗುವವರಿಗೂ, "ಏನೂ ಆಗಲ್ಲ ಬಿಡಿ" ಅನ್ನುವ ನಮ್ಮವರಿಗೂ ನಾನು ಹೇಳೋದು ಇದನ್ನೇ.

ನಿಜವಾದ ತೊಡಕು ಕೊಯ್ಲಿನಲ್ಲಿದೆ. ಟೊಮೆಟೊ ಹಣ್ಣಿಗೆ ಬಂದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕೀಳಲೇಬೇಕು. ರೇಟು ಏರಿದೆ ಅಂದರೆ ಹೊಡೆದ ಮಾರನೇ ದಿನವೇ ಬಾಕ್ಸ್ ತುಂಬುತ್ತೆ. ಇದಕ್ಕೆ ದಾರಿ ಒಂದೇ. ಜಾಸ್ತಿ ದಿನ ಕಾಯಬೇಕಾದ ಔಷಧಿಯನ್ನು ಹೂವಿಗೆ ಮುಂಚೆಯೇ ಮುಗಿಸಿ. ಕೊಯ್ಲು ಶುರುವಾದ ಮೇಲೆ ಕಮ್ಮಿ ದಿನದ್ದನ್ನು ಮಾತ್ರ, ಅದೂ ಹಣ್ಣು ಕಿತ್ತ ದಿನವೇ ಸಂಜೆ ಹೊಡೆಯಿರಿ. ಎರಡು ಮೂರು ಔಷಧಿ ಮಿಕ್ಸ್ ಮಾಡಿದ್ದರೆ ಅದರಲ್ಲಿ ಜಾಸ್ತಿ ದಿನ ಯಾವುದಕ್ಕಿದೆಯೋ ಅಷ್ಟು ಕಾಯಬೇಕು. ಕಾಯುವ ದಿನ ಲೇಬಲ್‌ನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತೆ. ಅಂಗಡಿಯವರ ಹತ್ತಿರ ಬಿಲ್ ಮೇಲೆ ಬರೆಸಿಕೊಳ್ಳಿ.

ಕೊತ್ತಂಬರಿ ಸೊಪ್ಪಿನದು ಇನ್ನೂ ಕಷ್ಟ. ಅದಕ್ಕೆ ನೋಂದಣಿಯಾದ ಔಷಧಿಗಳು ತೀರಾ ಕಮ್ಮಿ. ಟೊಮೆಟೊಗೆ ತಂದು ಉಳಿದಿದ್ದನ್ನೇ ಸೊಪ್ಪಿಗೂ ಹೊಡೆದುಬಿಡುತ್ತಾರೆ. ಆ ಬೆಳೆಗೆ ಅಂತ ಮಿತಿ ಇಲ್ಲದಿದ್ದರೆ ಸಾಮಾನ್ಯವಾಗಿ ಕೆಜಿಗೆ 0.01 ಮಿಲಿಗ್ರಾಂ ಅನ್ನುವ ಮಿತಿ ಬೀಳುತ್ತದೆ. ಅಂದರೆ 100 ಟನ್‌ಗೆ ಒಂದು ಗ್ರಾಂ. 15 ಕೆಜಿ ಟೊಮೆಟೊ ಬಾಕ್ಸಿನ ಲೆಕ್ಕದಲ್ಲಿ ಆರು ಸಾವಿರದ ಆರುನೂರಕ್ಕೂ ಜಾಸ್ತಿ ಬಾಕ್ಸಿಗೆ ಒಂದು ಗ್ರಾಂ! ಸುಮ್ನೆ ಒಂದು ಸಲ ಹೊಡೆದರೂ ದಾಟಿಬಿಡಬಹುದು.

ತೊಳೆದರೆ ಹೋಗಲ್ವಾ? ಮೇಲೆ ಕೂತಿದ್ದು ಒಂದಷ್ಟು ಹೋಗುತ್ತೆ, ಗಿಡದ ಒಳಗೆ ಸೇರಿದ್ದು ಹೋಗಲ್ಲ.

ಹಾಲು, ಮಾಂಸ, ಮೊಟ್ಟೆಗೂ ಮಿತಿ ಇದೆ ಅಂದರೆ ಎಷ್ಟೋ ಜನ ನಂಬಲ್ಲ. ಹಸುವಿಗೆ ಯಾರು ಹೊಡೆದರು ಅಂತೀರಾ? ಕೋಸಿನ ಹೊರ ಎಲೆ ಮಂಡಿಗೆ ಹೋಗಲ್ಲ, ಸೀದಾ ಕೊಟ್ಟಿಗೆಗೆ ಹೋಗುತ್ತೆ. ಔಷಧಿ ಜಾಸ್ತಿ ಬೀಳೋದೇ ಆ ಎಲೆ ಮೇಲೆ. ಕೊಬ್ಬಿನಲ್ಲಿ ಕರಗುವ ಔಷಧಿ ಹಾಲಿನ ಜಿಡ್ಡಿಗೆ ಸೇರುತ್ತೆ, ಅಲ್ಲಿಂದ ಬೆಣ್ಣೆಗೆ, ತುಪ್ಪಕ್ಕೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವವರು ಔಷಧಿ ಹೊಡೆದ ದಿನದಿಂದ ಲೆಕ್ಕ ಇಡುತ್ತಾರೆ. ತಪ್ಪಿದರೆ ಹುಳ ಕಣ್ಣೆದುರೇ ಸಾಯುತ್ತೆ. ಹಸು ಏನನ್ನೂ ತೋರಿಸದೆ ಹಾಲು ಕೊಡುತ್ತಲೇ ಇರುತ್ತೆ. ಕಾಯುವ ದಿನ ಮುಗಿಯುವವರೆಗೆ ಹೊರ ಎಲೆ ಹಾಕಬೇಡಿ, ಆ ತೋಟದ ಬದುವಿನ ಹುಲ್ಲನ್ನೂ ಕೊಯ್ಯಬೇಡಿ.